ಚಿಗವ್ವನ ಬಾಯಲ್ಲಿ ಅವ್ವನ ನಗು

ಮೇಲಿನ ಸಾಲಿನ ನಟ್ಟನಡುವಿನ ಎರಡು ಹಲ್ಲುಗಳ ಮಧ್ಯೆ ಅಕ್ಕಿಕಾಳು ಸಿಕ್ಕಿಕೊಳ್ಳುವಷ್ಟು ಸಂದು. ಅದರ ಬಲಕ್ಕಿದ್ದ ಹಲ್ಲು ತನ್ನ ಪಕ್ಕದ ಹಲ್ಲಿನ ಮೇಲೆ ಒಂಚೂರು ಹತ್ತಿ ಕೂತಿತ್ತು. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆ ಬಾಗಿಲಲ್ಲಿ, ಬಸ್ಸಿನ ಧೂಳು ಮೆತ್ತಿದ ಸೆರಗು ಹೊದ್ದು ನಿಂತ ಚಿಗವ್ವ ನನ್ನನ್ನು ನೋಡಿ ಬಾಯಿ ತುಂಬ ನಕ್ಕಾಗ ನನಗೆ ಕಂಡದ್ದು ಇಷ್ಟು. ಚಿಲಕ ಹಿಡಿದುಕೊಂಡೇ ನಿಂತುಬಿಟ್ಟೆ.

ಯಾಕೆಂದರೆ ಆ ಹಲ್ಲು ನಮ್ಮ ಅವ್ವನವು. ಅವ್ವ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು.

ನನಗೇ ಹುಚ್ಚು ಹಿಡಿಯಿತೇನೋ ಅಂದುಕೊಂಡೆ. ಅಕ್ಕತಂಗಿಯರೆಂದರೆ ಮೂಗು, ಹಣೆ, ನಡಿಗೆ ಹೋಲಬಹುದು. ಆದರೆ ಚಿಗವ್ವನ ಬಾಯಲ್ಲಿ ಎರಡು ವರ್ಷದಿಂದ ಒಂದೇ ಒಂದು ಹಲ್ಲಿರಲಿಲ್ಲ! ಅವ್ವನವೂ ಹುಟ್ಟಿನ ಹಲ್ಲಲ್ಲ, ಕಟ್ಟಿಸಿದವು. ಸಿರುಗುಪ್ಪದಿಂದ ಮತ್ತೆ ಮತ್ತೆ ಬಸ್ಸು ಹತ್ತಿ ಬಂದು, ಬ್ರೂಸ್‌ಪೇಟೆಯ ಒಬ್ಬ ದಂತವೈದ್ಯೆಯ ಹತ್ತಿರ ಮಾಡಿಸಿಕೊಂಡ ಸೆಟ್ಟು ಅದು. ಡಾಕ್ಟರಮ್ಮ ಮುತ್ತು ಪೋಣಿಸಿದಂಥ ಸಾಲು ತೋರಿಸಿದರೆ ಅವ್ವ ಒಪ್ಪಿರಲಿಲ್ಲ. "ಇವು ಯಾವುದೋ ಸಿನಿಮಾದಾಕಿ ಹಲ್ಲು. ನನಗ ನನ್ನ ಸಂದು ಬೇಕ್ರಿ. ನಮ್ಮತ್ತಿ ಈ ಸಂದು ನೋಡೇ ನನ್ನ ಸೊಸಿ ಮಾಡ್ಕೊಂಡಿದ್ಳು" ಎಂದು ಹಟ ಹಿಡಿದು ಸಂದು ಬಿಡಿಸಿದ್ದಳು. ಒಂದು ಹಲ್ಲನ್ನು ಮೊದಲಿನಂತೆ ಸೊಟ್ಟ ಕೂರಿಸಿಕೊಂಡಿದ್ದಳು. ಇಡೀ ಬಳ್ಳಾರಿ ಜಿಲ್ಲೆ ಜಾಲಾಡಿದರೂ ಅಂಥ ಇನ್ನೊಂದು ಸೆಟ್ಟು ಸಿಗಲಿಕ್ಕಿಲ್ಲ.

"ಯವ್ವಾ, ಏನ್ ಹಂಗ ನೋಡ್ತಿ? ಒಳಗ ಕರಿಯಂಗಿಲ್ಲೇನು?" ಎಂದಳು ಚಿಗವ್ವ. ಮಾತಿಗೊಮ್ಮೆ ಹಲ್ಲು ಟಕ್ ಟಕ್ ಎಂದಿತು.

ಈ ಚಿಗವ್ವ ಎಂಥವಳೆಂದು ಹೇಳದೆ ಮುಂದೆ ಹೋಗಬಾರದು. ಅವ್ವನ ಬೆನ್ನಿಗೆ ಬಿದ್ದ ತಂಗಿ. ಕುರುಗೋಡಿಗೆ ಕೊಟ್ಟಿದ್ದರು. ಅವ್ವ ಕಾಯಿಲೆ ಬಿದ್ದಾಗ ನನ್ನನ್ನು ಕರೆದುಕೊಂಡು ಹೋಗಿ, ಮೂರು ವರ್ಷ ಹೈಸ್ಕೂಲು ಓದಿಸಿದವಳು. ಆಗ ಅವಳ ಹಲ್ಲು ನೋಡಬೇಕಿತ್ತು! ದೇಶನೂರಿನ ತವರಿನಿಂದ ಬಂದ ಭತ್ತದ ಚೀಲದ ಹೊಲಿಗೆಯನ್ನು ಹಲ್ಲಲ್ಲೇ ಹರಿಯುತ್ತಿದ್ದಳು. ಕಬ್ಬನ್ನು ಹಲ್ಲಲ್ಲೇ ಸಿಗಿದು, ಸಿಪ್ಪೆ ಉಗುಳಿ, ಬಿಳಿ ತಿರುಳನ್ನು ನನ್ನ ಕೈಗಿಡುತ್ತಿದ್ದಳು. ತಾನು ಅಗಿಯುತ್ತಿದ್ದದ್ದು ಗಣ್ಣು ಮಾತ್ರ. ಆಮೇಲೆ ಅದೆಲ್ಲಿಂದಲೋ ಕಡ್ಡಿಪುಡಿಯ ಚಟ ಹತ್ತಿತು. ಸೊಂಟದಲ್ಲೊಂದು ಹಿತ್ತಾಳೆ ಡಬ್ಬಿ, ಒಸಡಿನ ಸಂದಿಯಲ್ಲಿ ಸದಾ ಒಂದು ಚಿಟಿಕೆ ತಂಬಾಕಿನ ಪುಡಿ. ಹಲ್ಲು ಒಂದೊಂದಾಗಿ ಅಲ್ಲಾಡಿದವು, ಒಂದೊಂದಾಗಿ ಬಿದ್ದವು. ಬಿದ್ದ ಹಲ್ಲನ್ನು ಮಾಳಿಗೆಯ ಮೇಲೆ ಎಸೆದು, "ಹೋಗಲೇ, ನೀ ಉಂಡಿದ್ದು ಸಾಕು" ಎಂದು ಅದಕ್ಕೇ ಬೈಯುತ್ತಿದ್ದಳು. ಅಕ್ಕನಂತೆ ನೀನೂ ಕಟ್ಟಿಸಿಕೋ ಎಂದರೆ ಒಂದೇ ಉತ್ತರ: "ಯಾರ ಮುಂದ ನಗಬೇಕಾಗೇತಿ ನಾನು?"

ಬೈಗುಳದಲ್ಲಿ ಅವಳನ್ನು ಮೀರಿಸುವವರು ಕುರುಗೋಡಿನಲ್ಲಿ ಇರಲಿಲ್ಲ. ಆದರೂ ಊರಿಗೂರೇ ಅವಳ ಕೈಗೆ ಸಾಮಾನು ಕೊಡುತ್ತಿತ್ತು. ಅವಳು ಬಳ್ಳಾರಿ ಬಸ್ಸಿಗೋ ಸಿರುಗುಪ್ಪದ ಬಸ್ಸಿಗೋ ನಿಂತಿದ್ದಾಳೆಂದರೆ ಸಾಕು, ಒಬ್ಬಳು ಮಗಳಿಗೆ ಉಪ್ಪಿನಕಾಯಿ, ಒಬ್ಬಳು ತಂಗಿಗೆ ಔಷಧಿ, ಇನ್ನೊಬ್ಬಳು ಬೀಗರಿಗೆ ಕರಜಿಕಾಯಿ ತಂದು ಹೇರುತ್ತಿದ್ದರು. "ಮುಟ್ಟಿಸ್ತೀನಿ ಬಿಡು" ಎಂದು ಇಸಿದುಕೊಳ್ಳುತ್ತಿದ್ದಳು. ಅಂದಮೇಲೆ ಮುಗಿಯಿತು. ಒಮ್ಮೆ ಹಗರಿ ಹೊಳೆ ತುಂಬಿ ಬಸ್ಸು ನಿಂತಾಗ, ಯಾರದೋ ಮಗಳ ಸೀಮಂತದ ಕುಬುಸ ಬಗಲಲ್ಲಿಟ್ಟುಕೊಂಡು, ಹೊಳೆ ಇಳಿಯುವವರೆಗೆ ಗುರುತಿಲ್ಲದ ಊರಿನ ಕಟ್ಟೆಯ ಮೇಲೆ ಒಂದಿಡೀ ದಿನ ಕೂತಿದ್ದಳು. ಸೀಮಂತ ಮುಗಿದೇ ಹೋಗಿತ್ತು. ಆದರೂ ಹೋಗಿ ಕೊಟ್ಟುಬಂದಳು. "ಹೊತ್ತು ನನ್ನ ಕೈಯಾಗ ಇಲ್ಲ. ಕುಬುಸ ನನ್ನ ಕೈಯಾಗ ಇತ್ತು" ಎಂದಿದ್ದಳು.

ಅಂಥ ಹೆಂಗಸು ನನ್ನ ಸತ್ತ ಅವ್ವನ ಹಲ್ಲು ಹಾಕಿಕೊಂಡು ನನ್ನೆದುರು ನಗುತ್ತಿದ್ದಳು.

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯದು. ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. "ಹೇಸಿಗಿ ಅನ್ನಿಸ್ಲಿಲ್ಲೇನು ನಿನಗ? ಸತ್ತಾಕಿ ಹಲ್ಲು! ಯಾರ ಬಾಯಾಗಿನದು ಯಾರ ಬಾಯಾಗ ಇಟ್ಕೊಳ್ಳೂದು! ತಗಿ, ಮೊದಲ ತಗಿ ಅವನ್ನ!"

ಅವಳ ನಗು ಹಾಗೇ ನಿಂತಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ, ಮೇಲಿನದು ಕೆಳಗಿನದು ಎರಡೂ ಸೆಟ್ಟು ತೆಗೆದಳು. ಆ ಹಿತ್ತಾಳೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿದ್ದು ನನ್ನ ಚಿಗವ್ವನ ಬೊಕ್ಕ ಬಾಯಿ. ತುಟಿಯ ಮೂಲೆಯಲ್ಲಿ ರಕ್ತ ಇತ್ತು.

"ನೀ ದಿನಾ ಫೋನ್ನಾಗ ಅಳ್ತಿದ್ದಿ. ಅವ್ವನ ಮಾರಿ ಒಮ್ಮಿ ನೋಡಬೇಕು, ಒಮ್ಮೆರ ನೋಡಬೇಕು ಅಂತ. ನಾ ಒಂದಿನ ಸುಮ್ನ ಹಾಕ್ಕೊಂಡು ಕನ್ನಡ್ಯಾಗ ನೋಡಿದೆ. ಅಕ್ಕ ಬಂದಿದ್ಳು, ಯವ್ವಾ. ಖರೇನ ಬಂದಿದ್ಳು. ನಿನಗ ತೋರಿಸಬೇಕು ಅಂತ ಬಂದೆ" ಎಂದಳು.

ನಾನು ಅವಳ ಕೈ ಹಿಡಿದು ಒಳಗೆ ಕರೆದುಕೊಂಡೆ. ಕುರುಗೋಡಿನಿಂದ ಬಳ್ಳಾರಿಯವರೆಗೆ, ತಗ್ಗುದಿಣ್ಣೆಯ ರಸ್ತೆಯಲ್ಲಿ, ಬೇರೆಯವರ ಬಾಯಿಯ ಅಳತೆಯ ಹಲ್ಲನ್ನು ಒಸಡಿಗೆ ಒತ್ತಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಗುವಾಗ ಹಲ್ಲು ಬಾಯಲ್ಲೇ ಇರಬೇಕು ಎಂದು ದಾರಿಯುದ್ದಕ್ಕೂ ತೆಗೆದಿರಲಿಲ್ಲ.

ಮರುದಿನವೇ ಬ್ರೂಸ್‌ಪೇಟೆಗೆ ಎಳೆದುಕೊಂಡು ಹೋದೆ. ಅವ್ವನಿಗೆ ಹಲ್ಲು ಕಟ್ಟಿದ ಅದೇ ಡಾಕ್ಟರಮ್ಮ. ಆದೋನಿ ಕಡೆಯವರು, ಗಾಬರಿಯಾದರೆ ತೆಲುಗು ಬರುತ್ತದೆ. ಚಿಗವ್ವನ ಬಾಯಿಗೆ ಬೆಳಕು ಹಿಡಿದು, "ಅಯ್ಯಯ್ಯೋ, ಇದೇಂಟಮ್ಮಾ!" ಎಂದು ಹಿಂದೆ ಸರಿದರು. ಕೆಳಗಿನ ಒಸಡಿನ ಉದ್ದಕ್ಕೂ ಹುಣ್ಣು. ನಾನು ನಾಚಿಕೆಯಿಂದ ಡಬ್ಬಿ ತೆರೆದು ತೋರಿಸಿದೆ. ಡಾಕ್ಟರಮ್ಮ ಸಂದು ನೋಡಿದರು, ಗುರುತು ಹಿಡಿದರು.

"ಅಮ್ಮಾ, ಚಪ್ಪಲಿ ಅಲ್ಲ ಇದು, ಒಬ್ಬರದು ಒಬ್ಬರು ಮೆಟ್ಟಿಕೊಳ್ಳೋಕೆ. ಇನ್ನೊಮ್ಮೆ ಬಾಯಿಗೆ ಇಟ್ಟರೆ ನಾನು ನಿಮ್ಮನ್ನ ಮುಟ್ಟೋದೇ ಇಲ್ಲ" ಎಂದರು.

ಹುಣ್ಣು ಮಾಯಲು ಎರಡು ವಾರ ಬೇಕಾಯಿತು. ಚಿಗವ್ವ ನಮ್ಮ ಮನೆಯಲ್ಲೇ ಉಳಿದಳು. ಆಮೇಲೆ ಬಾಯಿಯ ಅಚ್ಚು ತೆಗೆದರು. ಅಚ್ಚಿನ ಹಿಟ್ಟು ಬಾಯಲ್ಲಿ ಗಟ್ಟಿಯಾಗುವವರೆಗೂ ಕಣ್ಣು ಕೆಂಪಗೆ ಮಾಡಿಕೊಂಡು ನನ್ನನ್ನೇ ದಿಟ್ಟಿಸಿದಳು. ತೆಗೆದ ತಕ್ಷಣ, "ಈ ಹಾಳಾದ ಹಿಟ್ಟಿಗೆ ಒಂದೀಟು ಉಪ್ಪರ ಹಾಕಬಾರದೇನ್ರಿ?" ಎಂದು ಕೇಳಿದಳು. ಬಣ್ಣ ಆರಿಸಲು ಡಾಕ್ಟರಮ್ಮ ಒಂದು ಪಟ್ಟಿಯಲ್ಲಿ ಸಾಲಾಗಿ ಅಂಟಿಸಿದ ಹಲ್ಲು ತೋರಿಸಿದರು. ಚಿಗವ್ವ ಬೆರಳಿಟ್ಟದ್ದು ಎಲ್ಲಕ್ಕಿಂತ ಹಳದಿಯ ಹಲ್ಲಿನ ಮೇಲೆ. ಬಿಳಿಯದು ತೋರಿಸಿದರೆ, "ಇವನ್ನ ಹಾಕ್ಕೊಂಡು ಹೋದ್ರ ನಮ್ಮೂರಾಗ ನಾಯಿ ಬೊಗಳತಾವ" ಎಂದು ಮುಖ ತಿರುಗಿಸಿದಳು.

ಕೊನೆಗೆ ಡಾಕ್ಟರಮ್ಮ ಮೆತ್ತಗೆ ಕೇಳಿದರು. "ನಿಮ್ಮ ಅಕ್ಕನ ಹಾಗೆ ಸಂದು ಬಿಡಲಾ?"

ಚಿಗವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. "ಬ್ಯಾಡ್ರಿ. ಅದು ಅಕ್ಕಂದು. ನಂದು ನನ್ನಂಗ ಇರ್ಲಿ" ಎಂದಳು.

ಹೊಸ ಹಲ್ಲು ಬಂದ ಮೇಲಿನ ಒಂದು ತಿಂಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮೊದಲ ದಿನ ಬಾಯಿ ಜೊಲ್ಲಿನ ತೊಟ್ಟಿಯಾಯಿತು. ಎರಡನೆಯ ದಿನ ಕೆಳಗಿನ ಸೆಟ್ಟು ನಾಲಗೆಗೆ ಎಗರಿ ಎಗರಿ ಬಂತು. ಉಪ್ಪಿಟ್ಟು, ಅನ್ನಸಾರು ಬಿಟ್ಟು ಬೇರೇನೂ ಬೇಡ, ಸಣ್ಣ ತುತ್ತನ್ನು ಎರಡೂ ಕಡೆ ಹಾಕಿಕೊಂಡು ಅಗಿಯಿರಿ, ಮಲಗುವಾಗ ತೆಗೆದು ನೀರಲ್ಲಿಡಿ, ದಿನಾ ಅರ್ಧ ಗಂಟೆ ಪೇಪರು ಗಟ್ಟಿಯಾಗಿ ಓದಿ, ಮಾತು ಸಲೀಸಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು.

"ಓದಾಕ ಬರಂಗಿಲ್ರಿ ನನಗ. ಬೈಯಾಕ ಬರತೈತಿ."

"ಹಾಗಾದರೆ ಬೈಯಿರಿ" ಎಂದಿದ್ದರು ಅವರು.

ಅಷ್ಟು ಸಾಕಾಯಿತು ಇವಳಿಗೆ. ಮುಂಜಾನೆ ಮಾಳಿಗೆ ಹತ್ತಿ, ತನಗೆ ಬಂದ ಬೈಗುಳವನ್ನೆಲ್ಲ ಒಂದು ತುದಿಯಿಂದ ಶುರು ಮಾಡುತ್ತಿದ್ದಳು. ಸತ್ತ ಗಂಡನಿಗೆ, ಕಳೆದ ಸಲ ಬಸ್ಸು ನಿಲ್ಲಿಸದ ಡ್ರೈವರನಿಗೆ, ಕಡ್ಡಿಪುಡಿ ಕಂಡುಹಿಡಿದ ಪುಣ್ಯಾತ್ಮನಿಗೆ. ಒಂದು ದಿನ ತರಕಾರಿ ಗಾಡಿಯ ಸಾಬರು ಕೆಳಗೆ ನಿಂತು, ತಲೆ ಎತ್ತಿ, ಮುಖ ಸಣ್ಣಗೆ ಮಾಡಿಕೊಂಡು ಕೇಳಿದರು. "ಅಮ್ಮಾ, ನಾ ಏನ್ ತಪ್ಪು ಮಾಡೀನ್ರಿ? ನಿನ್ನೆ ಬದನಿಕಾಯಿ ಹುಳಕ ಇದ್ವೇನು?"

"ನಿನಗಲ್ಲೋ ಅಪ್ಪಾ! ಹೊಸ ಹಲ್ಲು ಪಳಗಿಸಾಕತ್ತೀನಿ!" ಎಂದು ಮೇಲಿನಿಂದ ಕೂಗಿದಳು. ಹೊಸ ಎತ್ತು ಪಳಗಿಸುವಂತೆಯೇ ಪಳಗಿಸಿದಳು ಅನ್ನಿ.

ನಾಲ್ಕನೇ ವಾರ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ ತರಿಸಿದೆ. ಮಧ್ಯಾಹ್ನ ಇಬ್ಬರೂ ಕೂತು ತಿನ್ನುತ್ತಿದ್ದೆವು. ಚಿಗವ್ವ ಮಿರ್ಚಿಯನ್ನು ಮುಂಬಲ್ಲಿನಿಂದ ಕಚ್ಚಿದಳು, ಹಲ್ಲು ಎಗರಲಿಲ್ಲ. ಖುಷಿಯಿಂದ ಕಣ್ಣಲ್ಲಿ ನೀರು ಬಂತು ಅವಳಿಗೆ. ಆ ಖುಷಿಯ ಹೊತ್ತಿನಲ್ಲಿ, ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿಬಿಟ್ಟೆ. "ಚಿಗವ್ವ, ಅವ್ವನ ಹಲ್ಲು ನಿನ್ನ ಹತ್ರ ಹೆಂಗ ಬಂದ್ವು?"

ಅವಳು ಅಗಿಯುವುದನ್ನು ನಿಲ್ಲಿಸಿದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಆನಿಸಿ ಕೂರಿಸುತ್ತೇವೆ. ಬಂದವರೆಲ್ಲ ಎದುರಿಗೆ ಕೂತು ಮುಖ ನೋಡುತ್ತಾರೆ. ಮಣ್ಣಿಗಿಡುವುದೂ ಕೂತಂತೆಯೇ. ಅವ್ವನನ್ನೂ ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ಹಾಗೇ ಕೂರಿಸಿದ್ದೆವು. ಅವ್ವನ ಬಾಯಿ ಗುಳಿಬಿದ್ದು, ಗದ್ದ ಮೂಗಿಗೆ ಹತ್ತಿರ ಬಂದು, ಯಾರೋ ಗುರುತಿಲ್ಲದ ಮುದುಕಿಯಂತಾಗಿತ್ತು. ಯಾರೋ ತೆಗೆದ ಫೋಟೋ ಬಳಗದವರ ಫೋನಿನಲ್ಲೆಲ್ಲ ಹರಿದಾಡಿತು. ನಾನು ಅದನ್ನು ಇವತ್ತಿಗೂ ತೆರೆದು ನೋಡಿಲ್ಲ.

"ಸಾಯೂಕಿಂತ ಎಂಟು ದಿನ ಮುಂಚಿ ಅಕ್ಕ ನನ್ನ ಕೈ ಹಿಡ್ಕೊಂಡು ಹೇಳಿದ್ಳು" ಎಂದಳು ಚಿಗವ್ವ. "'ನನ್ನ ಬೊಕ್ಕ ಬಾಯಿಲೆ ಕುಂದ್ರಿಸಬ್ಯಾಡ. ಮಂದಿ ಕಡೀ ಸಲ ನೋಡೂ ಮಾರಿ ಅದು. ಹಲ್ಲು ಹಾಕಿ ಕಳಿಸು' ಅಂತ. ನಾ ಹೂಂ ಅಂದಿದ್ದೆ."

"ಮತ್ತ ಯಾಕ ಹಾಕ್ಲಿಲ್ಲ?"

"ಹಾಕಾಕ ಹೋದೆ. ಬಟ್ಟಲದಾಗಿಂದ ತಗದು, ತೊಳದು, ಕೈಯಾಗ ಹಿಡಿದಿದ್ದೆ. ಹಿರ್ಯಾರೊಬ್ರು, 'ಪ್ಲಾಸ್ಟಿಕ್ ಯಾಕ, ಲಿಂಗ ಒಂದ ಸಾಕು' ಅಂದ್ರು. ನಾ ನಿನ್ನ ಮಾರಿ ನೋಡಿದೆ. ನೀ ಮಗಳು. ನೀ ಹಾಕು ಅಂದ್ರ ಯಾರು ಏನ್ ಮಾಡತಿದ್ರು?" ಆಮೇಲೆ, ನನಗೆ ನೋವಾಗದಿರಲಿ ಎಂಬಂತೆ ದನಿ ತಗ್ಗಿಸಿ ಹೇಳಿದಳು. "ನೀ, 'ಎತ್ತಿ ಬಿಸಾಕ್ರಿ ಅವನ್ನ' ಅಂದಿ."

ಅಯ್ಯೋ ಶಿವನೇ! ನನಗೆ ನೆನಪೇ ಇರಲಿಲ್ಲ. ಆಮೇಲೆ ಒಂದೊಂದಾಗಿ ನೆನಪಾಯಿತು. ಯಾರೋ ನನ್ನ ಕಣ್ಣ ಮುಂದೆ ಹಲ್ಲಿನ ಸೆಟ್ಟು ಹಿಡಿದಿದ್ದರು. ಅವ್ವ ಇಲ್ಲಿ ಸತ್ತು ಕೂತಿರುವಾಗ ಇವರಿಗೆ ಹಲ್ಲಿನ ಚಿಂತೆ ಎಂದು ನನ್ನ ಸಿಟ್ಟು ನೆತ್ತಿಗೇರಿತ್ತು. ಅಂದದ್ದು ನಾನೇ. ಅವ್ವನ ಕೊನೆಯ ಆಸೆಯನ್ನು ತಿಪ್ಪೆಗೆ ಎಸೆಯಲು ಹೇಳಿದವಳು ಅವಳು ಹೆತ್ತ ಮಗಳು. ಎಸೆಯದೆ ಸೆರಗಿಗೆ ಗಂಟು ಹಾಕಿಕೊಂಡವಳನ್ನು ನಾನು ಬಾಗಿಲಲ್ಲಿ ನಿಲ್ಲಿಸಿ ಹೇಸಿಗೆ ಎಂದಿದ್ದೆ. ಮಿರ್ಚಿಯ ತಟ್ಟೆ ಅಲ್ಲೇ ಆರಿಹೋಯಿತು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

"ಆತು ಬಿಡು. ಸಣ್ಣಾಕಿದ್ದಿ, ಗೊತ್ತಾಗ್ಲಿಲ್ಲ" ಎಂದು ತಲೆ ಸವರಿದಳು. ಆಗ ನನಗೆ ಐವತ್ತೊಂದು ವರ್ಷ.

ಊರಿಗೆ ಹೊರಡುವಾಗ ಅವ್ವನ ಹಲ್ಲು ನನಗೆ ಕೊಟ್ಟು ಹೋಗು ಎಂದು ಕೇಳಿದೆ. ಕೊಡಲಿಲ್ಲ. ಸೊಂಟದ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಅವು ಅಕ್ಕನವು. ಮುಟ್ಟಿಸ್ತೀನಿ ಬಿಡು" ಎಂದಳು. ಏನೋ ಮುದುಕಿಯ ಮಾತು ಅಂದುಕೊಂಡು ಬಸ್ಸು ಹತ್ತಿಸಿದೆ.

ಅದಾದ ಮೇಲೆ ಮೂರು ವರ್ಷ ಅವಳು ಹೊಸ ಹಲ್ಲಿನಲ್ಲಿ ರೊಟ್ಟಿ ತಿಂದಳು, ಕುರುಗೋಡಿನ ಓಣಿಗೆಲ್ಲ ಬೈದಳು. ಕಡ್ಡಿಪುಡಿ ಬಿಟ್ಟಳು. ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ಉಸಿರಿನ ತೊಂದರೆ ಶುರುವಾಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ವಾರ ಇದ್ದು, ಸಾಕು, ಮನೆಗೆ ಕರೆದುಕೊಂಡು ಹೋಗಿರಿ ಎಂದು ಹಟ ಮಾಡಿ ಹೋದಳು. ನಾಲ್ಕನೇ ದಿನ ಮುಂಜಾನೆ ಅವಳ ಸೊಸೆಯ ಫೋನು ಬಂತು. "ಅಕ್ಕಾ, ಅತ್ತಿ ಹೋದ್ರು."

ನನ್ನ ಬಾಯಿಂದ ಮೊದಲು ಬಂದ ಮಾತು ಇದು: "ಹಲ್ಲು ಎಲ್ಲಿ ಅದಾವ?"

"ಕಿಟಕ್ಯಾಗ, ಬಟ್ಟಲದಾಗ ಅದಾವ್ರಿ."

"ನಾ ಬರೂಮಟ ಯಾರೂ ಏನೂ ಮಾಡಬ್ಯಾಡ್ರಿ. ನಾನ ಹಾಕ್ತೀನಿ. ಕೇಳಿಸ್ತೇನು? ನಾನ ಹಾಕ್ತೀನಿ."

ಸಿಕ್ಕ ಆಟೋ ಹತ್ತಿ ಕುರುಗೋಡಿಗೆ ಹೋದೆ. ಈ ಸಲ ಯಾವ ಹಿರಿಯರು ಏನೇ ಅನ್ನಲಿ, ಕೊರಳು ಹಿಡಿದು ಹೊರಗೆ ಹಾಕುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದೆ. ಹೋಗಿ ನೋಡಿದರೆ ಆಗಲೇ ಸ್ನಾನ ಮಾಡಿಸಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಕೆನ್ನೆ ತುಂಬಿಕೊಂಡಿತ್ತು, ತುಟಿ ನೆಟ್ಟಗಿತ್ತು. ಸೊಸೆಯೇ ಹಲ್ಲು ಹಾಕಿಬಿಟ್ಟಿದ್ದಾಳೆ, ಒಳ್ಳೆಯ ಹುಡುಗಿ ಎಂದು ಉಸಿರು ಬಿಟ್ಟೆ. ಅಷ್ಟರಲ್ಲಿ ಸೊಸೆ ಪಕ್ಕಕ್ಕೆ ಬಂದು ನಿಂತು, ಸ್ಟೀಲಿನ ಬಟ್ಟಲು ನನ್ನ ಕೈಗಿಟ್ಟಳು. "ತಗೋರಿ ಅಕ್ಕಾ, ನೀವ ಹಾಕ್ತೀನಿ ಅಂದಿದ್ರಲ್ಲ."

ಬಟ್ಟಲಿನ ನೀರಿನಲ್ಲಿ ಎರಡು ಸೆಟ್ಟು. ಮೇಲಿನದು, ಕೆಳಗಿನದು. ಹಳದಿ ಬಣ್ಣ, ಸಂದಿಲ್ಲದ ಸಾಲು. ಚಿಗವ್ವನವೇ.

ಹತ್ತಿರ ಹೋಗಿ, ಮಂಡಿಯೂರಿ, ಹೆಬ್ಬೆರಳಿನಿಂದ ಅವಳ ಮೇಲ್ದುಟಿಯನ್ನು ಒಂಚೂರೇ ಎತ್ತಿದೆ. ಅಕ್ಕಿಕಾಳಿನಷ್ಟು ಸಂದು. ಅದರ ಬಲಕ್ಕೆ ಸೊಟ್ಟ ಹಲ್ಲು.

"ಮುಂಜಾನಿ ಎದ್ದು ಬಾಯಿ ತೊಳಕೊಂಡ್ರು" ಎನ್ನುತ್ತಿದ್ದಳು ಸೊಸೆ. "ಹಿತ್ತಾಳಿ ಡಬ್ಬಿ ಕೊಡು ಅಂದ್ರು, ಕೊಟ್ಟೆ. ಮಾತ ಆಡಲಿಲ್ಲ ಆಮ್ಯಾಲ. ಬಾಯಿ ಬಿಗಿಹಿಡಿದ ಕುಂತಿದ್ರು, ಹಂಗ ಹೋದ್ರು."

ಗಟ್ಟಿಯಾದ ಬಾಯಿಯನ್ನು ಯಾವ ಹಿರಿಯರೂ ತೆರೆಯಲಾರರು. ಯಾರೂ ಹುಡುಕದ ಜಾಗ ಅದು. ಒಸಡಿಗೆ ಚುಚ್ಚುವ ಆ ಹಲ್ಲನ್ನು ಕಚ್ಚಿಕೊಂಡು, ಬಾಯಿ ಬಿಡದೆ, ಅಕ್ಕನ ಸಾಮಾನನ್ನು ಅಕ್ಕನಿಗೆ ಮುಟ್ಟಿಸಲು ಹೊರಟುಬಿಟ್ಟಿದ್ದಳು.

ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಮೂಗಿನ ಮೇಲೆ ಬೆರಳಿಟ್ಟು, "ಥೇಟ್ ಸಿರುಗುಪ್ಪದ ಅಕ್ಕನಂಗ ಕಾಣಾಕತ್ತಾಳ ನೋಡ್ರಿ" ಎಂದಳು. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ತೆಗೆಯಿರಿ ಎನ್ನುವವರು ಯಾರಾದರೂ ಎದ್ದುಬಿಡುತ್ತಿದ್ದರು. ಮೂರು ವರ್ಷದ ಹಿಂದೆ ನಾನು ಕೂರಿಸಬೇಕಾಗಿದ್ದ ಹಾಗೆ ನಮ್ಮ ಅವ್ವನ ನಗು ಅಲ್ಲಿ ಕೂತಿತ್ತು. ಹೊತ್ತು ಮುಳುಗುವವರೆಗೆ ಬಂದವರೆಲ್ಲ ನೋಡಿದರು, ನಾನೂ ನೋಡಿದೆ.

ಮಣ್ಣು ಮುಗಿದು ಕೈಕಾಲು ತೊಳೆಯಲು ಹೋದಾಗ ಗೊತ್ತಾಯಿತು, ಆ ಸ್ಟೀಲಿನ ಬಟ್ಟಲು ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳ ಹಲ್ಲನ್ನು ಅವಳ ಜೊತೆ ಇಡಲು ನನಗೆ ಹೊಳೆದೇ ಇರಲಿಲ್ಲ! ಅಷ್ಟು ದಿಗಿಲು ಬಡಿದುಹೋಗಿತ್ತು.

ಈಗ ಅವು ನಮ್ಮ ಮನೆಯ ಬೀರುವಿನಲ್ಲಿ, ಸೊಸೆ ಕೊಟ್ಟ ಅದೇ ಹಿತ್ತಾಳೆ ಡಬ್ಬಿಯಲ್ಲಿವೆ. ಅಕ್ಕನದನ್ನು ಅಕ್ಕನಿಗೆ ಕೊಟ್ಟ ಮೇಲೆ ಅಲ್ಲಿ ಬೊಕ್ಕ ಬಾಯಲ್ಲಿ ಕೂತಿರುತ್ತಾಳೆ ನನ್ನ ಚಿಗವ್ವ. ಮೊನ್ನೆ ನನ್ನ ಮಗಳನ್ನು ಕೂರಿಸಿಕೊಂಡು ಡಬ್ಬಿ ತೋರಿಸಿದೆ. ನನ್ನನ್ನು ಕೂರಿಸುವ ದಿನ ಇದನ್ನು ನನ್ನ ಸೆರಗಿಗೆ ಗಟ್ಟಿಯಾಗಿ ಗಂಟು ಹಾಕಬೇಕು, ಯಾರು ಏನೇ ಅಂದರೂ ಬಿಚ್ಚಬಾರದು ಎಂದೆ.

"ಅವ್ವಾ! ಎಂಥಾ ಮಾತು ಆಡ್ತಿ ನೀನು?" ಎಂದು ಗಾಬರಿಯಿಂದ ಎದ್ದು ನಿಂತಳು ಅವಳು.

"ಸುಮ್ನ ಹೂಂ ಅನ್ನು" ಎಂದೆ. "ನಾ ಮುಟ್ಟಿಸಬೇಕು."